ಆಳುವವರು ಬದಲಾದರೆ ಸಾಕೆ?

ಹೊನ್ನೆಮರಡಿನ ದಡದಲ್ಲಿ ನಿಂತವನ ಕಣ್ಣಿಗೆ ಬೀಳುವುದು ಶರಾವತಿಯ ಹಿನ್ನೀರು, ನಡುಗಡ್ಡೆ, ಕಾಡು. ಕಾಣದೆ ಇರುವುದು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಮುಳುಗಿದ ಗದ್ದೆ, ತೋಟ, ಊರುಗಳು. ನೆಲದ ಬೆಲೆಯನ್ನು ನೆಲ ಕಳೆದುಕೊಂಡವರಿಂದಲೇ ಕೇಳಿ ತಿಳಿಯಬೇಕು. ಆದುದರಿಂದ ದೂರದ ಯುರೋಪಿನದೊಂದು ಪ್ರಶ್ನೆ ಈ ಸೀಮೆಯವರಿಗೆ ಪರಕೀಯವೆನಿಸಲಾರದು.

1989ರಲ್ಲಿ ಪೂರ್ವ ಯುರೋಪಿನ ಕಮ್ಯೂನಿಸ್ಟ್ ಪ್ರಭುತ್ವಗಳು ಒಂದರ ಹಿಂದೊಂದು ಉರುಳಿದವು. ಆ ವರ್ಷದ ಆರಂಭದಲ್ಲಿ ಸೆರೆಮನೆ ಸೇರಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ವರ್ಷಾಂತ್ಯಕ್ಕೆ ಚೆಕೊಸ್ಲೊವಾಕಿಯದ ಅಧ್ಯಕ್ಷರಾದರು. ಲೇಖನಿಯನ್ನು ನಂಬಿದವರೆಲ್ಲ ಹಿಗ್ಗಿದ ಗಳಿಗೆಯದು. ಆದರೆ ಹಿಗ್ಗು ಇಳಿದ ಮೇಲೆ ಕಠಿಣವಾದ ಪ್ರಶ್ನೆಯೊಂದು ಎದುರಾಯಿತು: ಪ್ರಭುತ್ವದ ಹಿಡಿತದಲ್ಲಿದ್ದ ನೆಲ ಇನ್ನು ಯಾರದು? ಚೆಕೊಸ್ಲೊವಾಕಿಯ 1991ರ ಕಾಯಿದೆಯ ಮೂಲಕ, 1948ರ ಫೆಬ್ರವರಿಯ ಅನಂತರ ನೆಲ ಕಳೆದುಕೊಂಡ ಹಳೆಯ ಒಡೆಯರಿಗೂ ವಾರಸುದಾರರಿಗೂ ಅದನ್ನು ಮರಳಿಸಹೊರಟಿತು. ಅದೇ ವರ್ಷ ಅಲ್ಬೇನಿಯ, ಸಹಕಾರಿ ಕ್ಷೇತ್ರಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳಿಗೇ ನೆಲವನ್ನು ಹಂಚಿತು; ಹಳೆಯ ಒಡೆಯರ ಪರಿಹಾರಕ್ಕೆ 1993ರಲ್ಲಿ ಬೇರೊಂದು ಶಾಸನ ಬಂದಿತು. ಅಲ್ಲಿನ ಒಡೆತನದ ವ್ಯಾಜ್ಯಗಳು ದಶಕಗಳ ಕಾಲ ಎಳೆದವು.

ಹಳೆಯ ಒಡೆಯನ ನೆನಪು ದೊಡ್ಡದೋ, ಉತ್ತವನ ಬೆವರು ದೊಡ್ಡದೋ? ಸಾಗರ ಸೀಮೆ ಈ ಪ್ರಶ್ನೆಯನ್ನು ಬಹು ಹಿಂದೆಯೇ ಕೇಳಿದೆ. 1947ರಲ್ಲಿ ಪರಕೀಯರ ಆಳ್ವಿಕೆ ಮುಗಿದರೂ ಗೇಣಿ ಅಳೆಯುವ ಕೊಳಗ ಬದಲಾಗಲಿಲ್ಲ. ಆ ಕೊಳಗದ ತಕರಾರಿನಿಂದಲೇ 1951ರಲ್ಲಿ ಕಾಗೋಡು ಸತ್ಯಾಗ್ರಹ ಹುಟ್ಟಿತು. ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಗೇಣಿದಾರರೊಡನೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆದರೂ ಉಳುವವನಿಗೆ ಒಡೆತನ ಕೊಡುವ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದುದು 1974ರಲ್ಲಿ. ಸ್ವರಾಜ್ಯದಿಂದ ನ್ಯಾಯಕ್ಕೆ ಇಪ್ಪತ್ತೇಳು ವರ್ಷಗಳ ಹಾದಿ!

ನಮ್ಮ ಮಟ್ಟಿಗೆ ಹೇಳುವುದಾದರೆ, ಉತ್ತವನ ಹಕ್ಕೇ ಮೊದಲು. ಹಳೆಯ ಒಡೆಯನಿಗೆ ಸಲ್ಲಬೇಕಾದುದು ನ್ಯಾಯವಾದ ಪರಿಹಾರ. ಆದರೆ ಇದನ್ನು ಒಂದು ದಿನದ ಆವೇಶ ಸಾಧಿಸಲಾರದು. ಕೇಳುವ ಸ್ವಾತಂತ್ರ್ಯ, ಕೇಳಿಸಿಕೊಳ್ಳುವ ಶಾಸನಸಭೆ, ಸುಳ್ಳಾಡದ ದಾಖಲೆ, ಈ ಮೂರೂ ಬೇಕು. ಕಮ್ಯೂನಿಸ್ಟ್ ಪ್ರಭುತ್ವಗಳು ರೈತನಿಗೆ ಮೊದಲನೆಯದನ್ನೇ ನಿರಾಕರಿಸಿದ್ದವು. ನಮ್ಮಲ್ಲಿ ಅದು ಇದ್ದೂ, ನಾಡಿಗೆ ಬೆಳಕು ಕೊಡಲು ಮನೆಮಠ ಮುಳುಗಿಸಿಕೊಂಡ ಶರಾವತಿಯ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ದಶಕಗಳನ್ನೇ ಕಾದರು.

ಸಿಂಹಾಸನ ಒಂದು ರಾತ್ರಿಯಲ್ಲಿ ಬರಿದಾಗಬಹುದು. ಆದರೆ ರೈತನ ಕೈಗೆ ಅವನ ಹೆಸರಿನ ಪತ್ರ ಬಂದು ಸೇರುವ ತನಕ ಆಳ್ವಿಕೆ ಬದಲಾಯಿತೆಂದು ಹೇಳುವಂತಿಲ್ಲ.