ಮುಂದೂಡಿದ ಪರೀಕ್ಷೆಯ ಬೆಲೆ ತೆರುವವರು

ಕೆಲವು ತಿಂಗಳ ಹಿಂದೆ ಕುಷ್ಟಗಿ ತಾಲ್ಲೂಕಿನ ಬಂಧುಗಳ ಮನೆಗೆ ಹೋಗಿದ್ದೆ. ಆ ಮನೆಯ ಹುಡುಗಿ ದೂರದ ಊರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದುದರಿಂದ ಅವಳು ತನ್ನ ಕೇಸ್ ಸ್ಟಡಿಯನ್ನು ಎರಡು ದಿನ ತಡವಾಗಿ ಒಪ್ಪಿಸಿದ್ದಳು. ಕಾಲೇಜು ಅದನ್ನು ಸ್ವೀಕರಿಸಲಿಲ್ಲ. ಅದೇ ಕಾಲೇಜು ಆಂತರಿಕ ಪರೀಕ್ಷೆಯ ದಿನಾಂಕವನ್ನು ಎರಡು ಬಾರಿ ಬದಲಿಸಿತ್ತು. "ಅಜ್ಜಾರ, ಅವರು ಪರೀಕ್ಷಿ ಮುಂದಕ್ಕ ಹಾಕಿದ್ರ ಯಾರೂ ಕೇಳಂಗಿಲ್ಲ. ನಾ ಎರಡ ದಿನ ತಡಾ ಮಾಡಿದ್ರ ಸೊನ್ನಿ ಕೊಡ್ತಾರ್ರೀ" ಎಂದಳು.

ಆರೋಗ್ಯ ಶಿಕ್ಷಣದ ಒಂದು ಮೂಲ ದೋಷ ಈ ಮಾತಿನಲ್ಲಿ ಅಡಗಿದೆ ಎಂದು ನನಗನ್ನಿಸಿತು. ಸಂಸ್ಥೆಯ ವಿಳಂಬಕ್ಕೆ ಮಿತಿಯಿಲ್ಲ, ವ್ಯಕ್ತಿಯ ವಿಳಂಬಕ್ಕೆ ಕ್ಷಮೆಯಿಲ್ಲ. ಇರಬೇಕಾದದ್ದು ಇದಕ್ಕೆ ತದ್ವಿರುದ್ಧ.

1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ರಾಜ್ಯದ ಬಹುಪಾಲು ವೈದ್ಯಕೀಯ, ದಂತ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳನ್ನು ಒಂದೇ ವೇಳಾಪಟ್ಟಿಗೆ ತಂದಿತು. 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಈ ವ್ಯವಸ್ಥೆಯ ಭಾಗವೇ. ಏಕರೂಪದ ವೇಳಾಪಟ್ಟಿಯಿಂದ ಅನುಕೂಲಗಳು ಅನೇಕ. ಆದರೆ ಇಂಥ ವ್ಯವಸ್ಥೆಯಲ್ಲಿ ಒಂದು ದಿನಾಂಕ ಸರಿದರೆ ಬೆಂಗಳೂರಿನಿಂದ ಕೊಪ್ಪಳದವರೆಗೆ ಎಲ್ಲವೂ ಸರಿಯುತ್ತವೆ.

ರಾಷ್ಟ್ರ ಮಟ್ಟದ ಎರಡು ನಿದರ್ಶನಗಳನ್ನು ನೋಡೋಣ. 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ಸ್ನಾತಕೋತ್ತರ ನೀಟ್ ಪರೀಕ್ಷೆ ಕೋವಿಡ್ ಕಾರಣದಿಂದ ಮುಂದೆ ಹೋಗಿ ಸೆಪ್ಟೆಂಬರ್ 11ರಂದು ನಡೆಯಿತು. ಮೀಸಲಾತಿ ಕುರಿತ ವ್ಯಾಜ್ಯದಿಂದಾಗಿ ಸೀಟು ಹಂಚಿಕೆ 2022ರ ಜನವರಿಯವರೆಗೆ ಎಳೆಯಿತು. ಹೊಸ ತಂಡ ಬಾರದೆ ದುಡಿಮೆಯ ಹೊರೆ ತಾಳಲಾರದ ಕಿರಿಯ ವೈದ್ಯರು 2021ರ ಡಿಸೆಂಬರಿನಲ್ಲಿ ದೆಹಲಿಯ ಬೀದಿಗಿಳಿದರು. 2024ರಲ್ಲಿ ಅದೇ ಪರೀಕ್ಷೆಯನ್ನು ಜೂನ್ 23ರ ಮುನ್ನಾದಿನ ರಾತ್ರಿ ಮುಂದೂಡಿ, ಆಗಸ್ಟ್ 11ರಂದು ನಡೆಸಲಾಯಿತು. ಅಷ್ಟರಲ್ಲಿ ಎಷ್ಟೋ ಅಭ್ಯರ್ಥಿಗಳು ಪರೀಕ್ಷಾ ಕೇಂದ್ರದ ಊರು ಸೇರಿಯಾಗಿತ್ತು.

ಮುಂದೂಡಿಕೆ ಎಂದೂ ಬೇಡವೆಂದು ನಾನು ವಾದಿಸುತ್ತಿಲ್ಲ. ಸಾಂಕ್ರಾಮಿಕ ರೋಗ, ಪ್ರವಾಹ, ಪ್ರಶ್ನೆಪತ್ರಿಕೆ ಸೋರಿಕೆಯ ಶಂಕೆ ಸಕಾರಣಗಳೇ. ಎಷ್ಟೋ ಬಾರಿ ಮುಂದೂಡಿಕೆಗೆ ವಿದ್ಯಾರ್ಥಿಗಳೇ ಒತ್ತಾಯಿಸುವುದೂ ಉಂಟು. ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಮೊದಲು ಹೊಳೆಯುವ ಪ್ರಶ್ನೆ, ಇದರ ವೆಚ್ಚವನ್ನು ಭರಿಸುವವರು ಯಾರು ಎಂಬುದು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ ನಾನು ಅಲ್ಲಿ ಸೇವೆಯಲ್ಲಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ತಡವಾದರೆ ಮೇಲ್ಭಾಗದ ಗಂಗಾವತಿಯ ರೈತ ಹೇಗೋ ನಾಟಿ ಮುಗಿಸಿಕೊಳ್ಳುತ್ತಿದ್ದ. ಪೆಟ್ಟು ಬೀಳುತ್ತಿದ್ದುದು ಮಾನ್ವಿ ಕಡೆಯ ಕೊನೆಭಾಗದ ರೈತನಿಗೆ. ಪರೀಕ್ಷೆಯ ಮಾತೂ ಹಾಗೆಯೇ. ನಗರದ ಅನುಕೂಲಸ್ಥ ಮನೆಯ ಮಗನಿಗೆ ಒಂದು ತಿಂಗಳ ಮುಂದೂಡಿಕೆಯೆಂದರೆ ಓದಲು ಇನ್ನೊಂದು ತಿಂಗಳು. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲದ ಆದಾಯದಲ್ಲಿ ಓದುವ ಹುಡುಗಿಗೆ ಅದು ಇನ್ನೊಂದು ತಿಂಗಳ ಹಾಸ್ಟೆಲ್ ಖರ್ಚು, ಸಾಲದ ಮೇಲಿನ ಬಡ್ಡಿ, ಕೈತಪ್ಪಿದ ಸಂಬಳ.

ಇನ್ನೊಂದು ಕೊನೆಭಾಗವೂ ಇದೆ, ಅದು ರೋಗಿ. ಅಂತಿಮ ಪರೀಕ್ಷೆ ತಡವಾದರೆ ಹೌಸ್ ಸರ್ಜನ್ ಬರುವುದು ತಡ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯ ಬರುವುದೂ ತಡ. ಸಂವಿಧಾನದ 371(ಜೆ) ವಿಧಿ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ಕಲ್ಪಿಸಿದೆ. ಸೀಟು ದೊರೆತರೂ ಪದವಿ ಸಕಾಲಕ್ಕೆ ಕೈಸೇರದಿದ್ದರೆ ಆ ಮೀಸಲಾತಿಯ ಅರ್ಧ ಫಲ ದಾರಿಯಲ್ಲೇ ಇಂಗಿಹೋಗುತ್ತದೆ.

ಹಾಗಾದರೆ ವೈಯಕ್ತಿಕ ವಿಳಂಬವನ್ನು ಹೇಗೆ ನಿಭಾಯಿಸಬೇಕು? ಇದಕ್ಕೆ ಬೇಕಾದ ವಿವೇಕ ನಮ್ಮ ನಿಯಮಗಳಲ್ಲಿಯೇ ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಪರೀಕ್ಷೆಗೆ ಕೂರಲು ಶೇ. 80 ಹಾಜರಾತಿ ಸಾಕು. ಆದರೆ ಪದವಿ ಪಡೆಯುವ ಮುನ್ನ ಆಸ್ಪತ್ರೆಯ ಪ್ರಾಯೋಗಿಕ ತರಬೇತಿಯಲ್ಲಿ ಶೇ. 100 ಪೂರೈಸಲೇಬೇಕು. ಅಂದರೆ ಕಾಲದಲ್ಲಿ ರಿಯಾಯಿತಿಯುಂಟು, ಕಲಿಕೆಯಲ್ಲಿ ಇಲ್ಲ. ಚುಚ್ಚುಮದ್ದು ಕೊಡಲು ಬಾರದವಳನ್ನು ಕನಿಕರದಿಂದ ತೇರ್ಗಡೆ ಮಾಡಲಾಗದು. ಎರಡು ದಿನ ತಡವಾಗಿ ಬರೆದವಳು ಮಾತ್ರ ಅದರಿಂದ ಕೆಟ್ಟ ದಾದಿಯಾಗುವುದಿಲ್ಲ.

ಇದೇ ತತ್ತ್ವವನ್ನು ಬರವಣಿಗೆಯ ಕೆಲಸಕ್ಕೂ ಅನ್ವಯಿಸಬಹುದು. ಪ್ರತಿ ವಿದ್ಯಾರ್ಥಿಗೂ ಅವಧಿಗೆ ಮೂರೋ ನಾಲ್ಕೋ ದಿನಗಳ ರಿಯಾಯಿತಿಯನ್ನು ಹಕ್ಕಾಗಿ ಕೊಡಲಿ. ಅದು ಮುಗಿದ ಮೇಲೆ ದಿನಕ್ಕಿಷ್ಟು ಅಂಕ ಕಡಿತವಾಗಲಿ. ಕಾಯಿಲೆ, ಸಾವುನೋವಿಗೆ ಮೊದಲೇ ಗೊತ್ತುಪಡಿಸಿದ ಬದಲಿ ದಿನವಿರಲಿ. ಇದನ್ನು ಮುಖ್ಯಸ್ಥರ ವಿವೇಚನೆಗೆ ಬಿಡಬಾರದೆಂಬುದು ನನ್ನ ಸೇವಾವಧಿಯ ಅನುಭವ. ವಿವೇಚನಾಧಿಕಾರ ಇದ್ದಲ್ಲಿ ಶಿಫಾರಸು ತರಬಲ್ಲವರಿಗೆ ದಯೆ, ಉಳಿದವರಿಗೆ ನಿಯಮ.

ವಿಶ್ವವಿದ್ಯಾಲಯವೂ ತನ್ನನ್ನು ಕಟ್ಟಿಹಾಕಿಕೊಳ್ಳಬೇಕು. ಶೈಕ್ಷಣಿಕ ವರ್ಷದ ಆರಂಭದಲ್ಲೇ ಪರೀಕ್ಷೆಯ ದಿನಾಂಕದೊಡನೆ ಕಾಯ್ದಿರಿಸಿದ ಇನ್ನೊಂದು ದಿನಾಂಕವನ್ನೂ ಪ್ರಕಟಿಸಲಿ. ಮುಂದೂಡುವ ಸುತ್ತೋಲೆಯಲ್ಲಿ ಕಾರಣವೂ ಹೊಸ ದಿನಾಂಕವೂ ಇರಲಿ. ಹೆಚ್ಚುವರಿ ಅವಧಿಯ ಹಾಸ್ಟೆಲ್ ಶುಲ್ಕ ವಿದ್ಯಾರ್ಥಿಯ ತಲೆಗೆ ಬೀಳದಿರಲಿ. ವಿಳಂಬದ ವೆಚ್ಚವನ್ನು ವಿಳಂಬಿಸಿದವರೇ ಹೊತ್ತಾಗ ಮುಂದೂಡಿಕೆಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಕುಷ್ಟಗಿಯ ಆ ಹುಡುಗಿ ಕೇಳಿದ್ದು ಕರುಣೆಯನ್ನಲ್ಲ. ಸಂಸ್ಥೆಗೂ ತನಗೂ ಒಂದೇ ಅಳತೆಗೋಲು ಇರಲಿ ಎಂದಷ್ಟೇ. ನಾಳೆ ನಮ್ಮ ಹಾಸಿಗೆಯ ಪಕ್ಕ ರಾತ್ರಿಪಾಳಿಯಲ್ಲಿ ನಿಲ್ಲುವವಳು ಅವಳೇ.