ಡಾಸ್ ಗೇಟ್ಸ್ ಬರೆದದ್ದಲ್ಲ ಗುರೂ (ಭಾಗ 3)

ವಿಂಡೋಸ್‌ನಲ್ಲಿ ಹೊಸ ಫೋಲ್ಡರ್ ಮಾಡಿ, ಸಿ-ಓ-ಎನ್ ಅಂತ ಹೆಸರಿಡಿ ನೋಡೋಣ. ಆಗಲ್ಲ. 'ಭಾರತೀಯನೊಬ್ಬ ಕಂಡುಹಿಡಿದ ರಹಸ್ಯ, ಮೈಕ್ರೋಸಾಫ್ಟ್‌ಗೂ ಗೊತ್ತಿಲ್ಲ' ಅಂತ ಫಾರ್ವರ್ಡ್ ಓಡಾಡ್ತಿತ್ತಲ್ಲ, ಅದೇ. ರಹಸ್ಯನೂ ಇಲ್ಲ, ಮಣ್ಣೂ ಇಲ್ಲ. ಅದು ಕನ್ಸೋಲ್, ಅಂದ್ರೆ ಕೀಬೋರ್ಡ್ ಮತ್ತು ಪರದೆಗೆ ಮೀಸಲಿಟ್ಟ ಹೆಸರು. ವಿಂಡೋಸ್‌ಗೆ ಡಾಸ್‌ನಿಂದ ಬಂತು. ಡಾಸ್‌ಗಿಂತ ಮೊದಲೇ, 1974ರಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂನಲ್ಲಿ ಈ ಹೆಸರಿತ್ತು. ಎ, ಬಿ ಅನ್ನೋ ಡ್ರೈವ್‌ಗಳು, ಎಂಟಕ್ಷರದ ಫೈಲ್ ಹೆಸರಿಗೆ ಮೂರಕ್ಷರದ ಬಾಲ, ಬಯಾಸ್ ಅನ್ನೋ ಪದ, ಎಲ್ಲಾ ಡಾಸ್‌ಗೆ ಸಿಕ್ಕಿದ್ದು ಆ ಮನೆಯಿಂದ.

1980ರಲ್ಲಿ ಟಿಮ್ ಪ್ಯಾಟರ್ಸನ್, ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ತರೋಕಾಗ್ಲಿ ಅಂತ ಅದರ ಕರೆಗಳನ್ನೇ ಅನುಸರಿಸಿ ಕ್ಯೂಡಾಸ್ ಬರೆದರು. ಹೆಸರಿನ ಅರ್ಥವೇ ಗಡಿಬಿಡಿಯಲ್ಲಿ ಗಲೀಜಾಗಿ ಮಾಡಿದ್ದು ಅಂತ! (ಡಿಸ್ಕ್ ಲೆಕ್ಕ ಇಡೋ ಫ್ಯಾಟ್ ಮಾತ್ರ ಸಿಪಿ/ಎಂನದ್ದಲ್ಲ, ಅದನ್ನ ಒಪ್ಪಲೇಬೇಕು.) 1981ರಲ್ಲಿ ಮೈಕ್ರೋಸಾಫ್ಟ್ ಅದನ್ನ ಕೊಂಡು ಐಬಿಎಂಗೆ ಕೊಟ್ಟಿತು. ನಮ್ಮ ನೋಟ್ಸ್‌ನಲ್ಲಿ ಉಳಿದದ್ದು ಕೊಂಡವರ ಹೆಸರು.

'ಜನ ಡಾಸ್‌ನ್ನೇ ಆರಿಸಿದ್ರಲ್ಲಾ' ಅಂತ ಕಾಮೆಂಟ್ ಹಾಕೋ ಮುಂಚೆ ಬೆಲೆಪಟ್ಟಿ ನೋಡಿ. ಐಬಿಎಂ ತನ್ನ ಪಿಸಿಗೆ ಪಿಸಿ-ಡಾಸ್ ಮಾರಿದ್ದು 40 ಡಾಲರ್‌ಗೆ. ಸಿಪಿ/ಎಂ-86 ಬಂದದ್ದು ತಿಂಗಳುಗಟ್ಟಲೆ ತಡವಾಗಿ, ಬೆಲೆ 240. ಆರು ಪಟ್ಟು! ಇದನ್ನ ಆಯ್ಕೆ ಅಂತೀರಾ?

ಕಿಲ್ಡಾಲ್ ಐಬಿಎಂನವರನ್ನ ಬಿಟ್ಟು ಮಜಾ ಮಾಡೋಕೆ ವಿಮಾನ ಹಾರಿಸ್ತಿದ್ರು ಅನ್ನೋ ಜೋಕ್ ಕೂಡ ಸಾಕು. ಅವತ್ತು ಅವರು ಹಾರಿದ್ದು ವ್ಯಾಪಾರದ ಕೆಲಸಕ್ಕೆ. 1994ರಲ್ಲಿ ತೀರಿಕೊಂಡ್ರು, ಜೋಕ್ ಇನ್ನೂ ತೀರಿಲ್ಲ.

ನಾಳೆ ಭಾಗ 4: ಕಿಲ್ಡಾಲ್ ಕಂಪನಿ 1988ರಲ್ಲಿ ತಿರುಗಿ ಬಿಟ್ಟ ಡಿಆರ್-ಡಾಸ್.