ಮೋಟಾರಿಗೆ ದುಡ್ಡಿದೆ, ದೀಪಕ್ಕಿಲ್ಲ!

ಮೊನ್ನೆ ರಾತ್ರಿ ಎಂಟೂವರೆ. ಆರ್.ಟಿ. ನಗರದ ಆಫೀಸಿನಿಂದ ಯಲಹಂಕದ ಮನೆಗೆ ಹೊರಟಿದ್ದೆ. ಕರೆಂಟ್ ಮೋಟಾರ್ ಕಿಟ್ ಹಾಕಿಸಿದ ಹಳೇ ಸೈಕಲ್ಲು. ಹೆಬ್ಬಾಳ ಬರುವಷ್ಟರಲ್ಲಿ ಹಿಂದಿನದು ಮುಂದಿನದು ಎರಡೂ ದೀಪ ಸತ್ತವು. ಇನ್ನೇನು ಮನೆ ಬಂತಲ್ಲ ಅಂತ ಮೊಂಡು ಧೈರ್ಯ ಮಾಡಿದೆ. ಕೊಡಿಗೇಹಳ್ಳಿ ಗೇಟ್ ಹತ್ತಿರ ಒಂದು ಟೆಂಪೋ ನನ್ನ ಹ್ಯಾಂಡಲ್ ಸವರಿಕೊಂಡೇ ಹೋಯ್ತು. ಮುಂದೆ ಹೋಗಿ ನಿಲ್ಲಿಸಿದ ಡ್ರೈವರ್ ಬೈಯಲಿಲ್ಲ ಮಾರಾಯ್ರೆ, ಅವನ ಕೈಯೂ ನಡುಗ್ತಿತ್ತು. "ಕಾಣ್ಲೇ ಇಲ್ಲ ಸಾರ್" ಅಂದ. ಕಾಣೋದಾದ್ರೂ ಹೇಗೆ?

ಮನೆಗೆ ಬಂದು ಬಿಚ್ಚಿ ನೋಡಿದರೆ ಕಾರಣ ಸಿಕ್ತು. 36 ವೋಲ್ಟಿನ ಲಿಥಿಯಂ ಬ್ಯಾಟರಿಯಿಂದ 12 ವೋಲ್ಟಿನ ಎಲ್ಇಡಿ ಉರಿಸೋಕೆ ನಡುವೆ ಒಂದು ಕನ್ವರ್ಟರ್ ಬೇಕು. ಅಂಗಡಿಯವರು ಹಾಕಿದ್ದು ಎಲ್ಎಂ2596 ಅನ್ನೋ ಅಗ್ಗದ ಬೋರ್ಡು. ಅದು ತಡೆಯೋದು ಹೆಚ್ಚೆಂದರೆ 40 ವೋಲ್ಟು. "36 ವೋಲ್ಟ್" ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ಇರುತ್ತೆ! ನಾನು ಆಫೀಸಲ್ಲಿ ಭರ್ತಿ ಚಾರ್ಜ್ ಮಾಡಿ ಹೊರಟಿದ್ದೆ. ಫ್ಯೂಸ್ ಅಂತೂ ಇರಲೇ ಇಲ್ಲ.

ಇನ್ನು ಕೆಲವರು ಮೂರು ಲೆಡ್ ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ದೀಪಕ್ಕೆ ವೈರ್ ಎಳೀತಾರೆ. ಆ ಒಂದು ಮೊದಲು ಬರಿದಾಗುತ್ತೆ, ಮೊದಲು ಸಾಯುತ್ತೆ, ಗಿರಾಕಿ ಬ್ಯಾಟರಿ ಕಂಪನಿಗೆ ಶಾಪ ಹಾಕ್ತಾನೆ.

ನನಗೆ ಉರಿಯೋದು ಇದಕ್ಕಲ್ಲ. ಕಿಟ್ ಹಾಕಿಸುವಾಗ ಅವರು ಹೇಳಿದ ಮಾತಿಗೆ: "ದೀಪ ಆಮೇಲೆ ನೋಡೋಣ ಸಾರ್, ಮೈಲೇಜ್ ತಿನ್ನುತ್ತೆ." ಲೆಕ್ಕ ಹಾಕಿ. 36 ವೋಲ್ಟ್, 10 ಆಂಪ್ ಅವರ್ ಅಂದರೆ 360 ವಾಟ್ ಅವರ್. ಮುಂದೆ 6 ವಾಟ್, ಹಿಂದೆ 1 ವಾಟ್. ಎರಡು ಗಂಟೆ ಉರಿಸಿದರೂ 14. ನೂರಕ್ಕೆ ನಾಲ್ಕು! ಟೈರಿಗೆ ಗಾಳಿ ಕಮ್ಮಿ ಇದ್ದರೆ ಇದಕ್ಕಿಂತ ಜಾಸ್ತಿ ಹೋಗುತ್ತೆ.

ಕಾನೂನಾದರೂ ಕೇಳುತ್ತಾ ಅಂದರೆ, ಅದೂ ಇಲ್ಲ. 250 ವಾಟ್, 25 ಕಿ.ಮೀ. ವೇಗದೊಳಗಿನ ಕರೆಂಟ್ ಸೈಕಲ್ಲನ್ನು ಕೇಂದ್ರದ ನಿಯಮ ಮೋಟಾರು ವಾಹನ ಅಂತಲೇ ಎಣಿಸಲ್ಲ. ಬ್ರೇಕು, ಮುಂದೆ ಬಿಳಿ ರಿಫ್ಲೆಕ್ಟರು, ಹಿಂದೆ ಕೆಂಪು ರಿಫ್ಲೆಕ್ಟರು ಇದ್ದರಾಯ್ತು. ರಿಫ್ಲೆಕ್ಟರ್ ಹೊಂಡ ತೋರಿಸುತ್ತಾ ಸ್ವಾಮಿ? ಅದೇ ಹೊಸ ಸ್ಕೂಟರುಗಳಿಗೆ 2017ರ ಏಪ್ರಿಲ್‌ನಿಂದ ಮಟಮಟ ಮಧ್ಯಾಹ್ನವೂ ಹೆಡ್‌ಲೈಟ್ ಉರೀಲೇಬೇಕು. ನಮ್ಮಪ್ಪನ ಕಾಲದಲ್ಲಿ ಡೈನಮೋ ಇಲ್ಲದ ಸೈಕಲ್ಲಿನ ಗಾಳಿಯನ್ನು ಪೊಲೀಸರು ಬಿಡ್ತಿದ್ದರಂತೆ. ತುಳಿದು ಹನ್ನೆರಡು ಕಿ.ಮೀ. ವೇಗದಲ್ಲಿ ಹೋಗೋ ಸೈಕಲ್ಲಿಗೆ!

"ಸೈಕಲ್ ತಾನೇ, ಮೊಬೈಲ್ ಟಾರ್ಚ್ ಸಾಕು" ಅನ್ನೋ ಗೆಳೆಯರು ಒಂದು ಸಲ ರಾತ್ರಿ ಹೆಬ್ಬಾಳ ಫ್ಲೈಓವರ್ ಕೆಳಗೆ ಬಂದು ಹೋಗಿ, ಆಮೇಲೆ ಮಾತಾಡೋಣ.

ಈಗ ನಾನೇ ಕೂತು ಬದಲಿಸಿದ್ದೀನಿ. 60 ವೋಲ್ಟ್ ತಡೆಯೋ ಕನ್ವರ್ಟರು, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 2 ಆಂಪ್ ಫ್ಯೂಸು. ಹಿಂದಿನ ಕೆಂಪು ದೀಪಕ್ಕೆ ಅದರದ್ದೇ ಪುಟ್ಟ ಸೆಲ್ಲು. ದೊಡ್ಡ ಬ್ಯಾಟರಿ ದಾರಿ ಮಧ್ಯೆ ಕೈಕೊಟ್ಟರೂ ಅದು ಉರೀತಿರಬೇಕಲ್ಲ.

ಶನಿವಾರ ಆ ಅಂಗಡಿಗೆ ಹೋಗಿದ್ದೆ. ಕಿಟ್ ಜೊತೆಗೇ ದೀಪ ಯಾಕೆ ಕೊಡಲ್ಲ ಅಂತ ಕೇಳಿದೆ. "ರೇಟ್ ಜಾಸ್ತಿ ಆಗುತ್ತೆ ಸಾರ್, ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ" ಅಂದರು. ಸುಟ್ಟ ಬೋರ್ಡನ್ನು ಅವರ ಟೇಬಲ್ ಮೇಲೆ ಇಟ್ಟು ಬಂದೆ.